ಏಳು ಜನರ ಸಹಿ

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದ ಚಿತ್ತರಂಜನ ಶೆಟ್ಟರು ಮೇಜಿನ ಮೇಲಿದ್ದ ಅರ್ಜಿಯನ್ನು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅದು ಯಶ್ಮಿತಾಳ ಬಿಡುಗಡೆಯ ಅರ್ಜಿ. ಬಂಟ್ವಾಳದ ಒಂದು ಸರಕಾರಿ ಕಾಲೇಜಿನ ಕಚೇರಿಯಲ್ಲಿ ಅವಳಿಗೆ ಖಾಯಂ ಕೆಲಸ ಸಿಕ್ಕಿತ್ತು. ನೇಮಕದ ಪತ್ರ ಸುತ್ತಿ ಬಳಸಿ ನಿನ್ನೆಯಷ್ಟೇ ಕೈಸೇರಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಸೇರಬೇಕು, ತಪ್ಪಿದರೆ ಪಟ್ಟಿಯಲ್ಲಿರುವ ಮುಂದಿನವರಿಗೆ. ಸೇರುವಾಗ ಇಲ್ಲಿಂದ ಬಿಡುಗಡೆ ಮಾಡಿದ ಆದೇಶ ಕೈಯಲ್ಲಿರಬೇಕು. ಮೂರು ಸಾಲಿನ ಆ ಆದೇಶಕ್ಕೆ ಎರಡು ಸಹಿ: ವಿಭಾಗದ ಮುಖ್ಯಸ್ಥರಾದ ಶೆಟ್ಟರದು, ಮೇಲಿನ ಮಹಡಿಯಲ್ಲಿರುವ ಕುಲಸಚಿವರದು.

“ಒಳ್ಳೆಯದಾಯ್ತು ಮಗಾ,” ಎಂದರು ಶೆಟ್ಟರು. ಮುಖದಲ್ಲಿ ಒಳ್ಳೆಯದಾದ ಗುರುತೇನೂ ಇರಲಿಲ್ಲ. “ನನ್ನ ಸಹಿ ನೀನೇ ಹಾಕಿಕೋ. ಡಾಂಗಲ್ ನಿನ್ನ ಹತ್ರವೇ ಉಂಟಲ್ಲ.”

ಈ ಮಾತು ಯಾಕೆ ಬಂತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಡುಗಡಲು ವಿಶ್ವವಿದ್ಯಾನಿಲಯದ ಕದ್ರಿ ಕಚೇರಿಗೆ ಯಶ್ಮಿತಾ ಬಂದದ್ದು ಎರಡು ವರ್ಷದ ಕೆಳಗೆ, ಹನ್ನೊಂದು ತಿಂಗಳಿಗೊಮ್ಮೆ ಉಸಿರು ನಿಂತು ಮತ್ತೆ ಬರುವ ಗುತ್ತಿಗೆಯ ಮೇಲೆ. ಕಾಗದದ ಫೈಲುಗಳೆಲ್ಲ ಕಂಪ್ಯೂಟರಿಗೆ ಏರುವ ಕಾಲ ಅದು. ದಾಖಲೆ ವಿಭಾಗದ ಏಳು ಮಂದಿಗೆ ಆ ಹೊಸ ದಾರಿಯನ್ನು ಕಲಿಸುವುದೇ ಅವಳ ಕೆಲಸ. ಏಳೂ ಮಂದಿ ಒಳ್ಳೆಯವರು. ಪಾಠದ ದಿನ ರತ್ನಾವತಿಯಕ್ಕ ಮನೆಯಿಂದ ಗೋಳಿಬಜೆ ಮಾಡಿಕೊಂಡು ಬರುತ್ತಿದ್ದರು. ಯಾವ ಗುಂಡಿ ಎಲ್ಲಿ, ಅದರ ಬಣ್ಣ ಯಾವುದು ಎಂದು ಎಲ್ಲರೂ ಪುಸ್ತಕದಲ್ಲಿ ಬರೆದುಕೊಂಡರು. ಬರೆದದ್ದನ್ನು ಮತ್ತೆ ಬಿಡಿಸಿ ನೋಡಿದವರಿಲ್ಲ.

ಸಹಿ ಹಾಕಲೆಂದು ಒಬ್ಬೊಬ್ಬರಿಗೆ ಒಂದೊಂದು ಡಾಂಗಲ್ ಬಂತು. ಹೆಬ್ಬೆರಳಿನಷ್ಟು ಉದ್ದದ ನೀಲಿ ತುಂಡು. ಯಂತ್ರಕ್ಕೆ ಚುಚ್ಚಿ ಗುಟ್ಟಿನ ಅಂಕೆ ಒತ್ತಿದರೆ ಫೈಲಿನ ಮೇಲೆ ಅವರ ಹೆಸರು ಮೂಡುತ್ತದೆ. ಅದು ಬಂದ ವಾರವೇ ಆಯುಧಪೂಜೆ. ಮುದ್ರೆ, ಕತ್ತರಿ, ಗೋಂದಿನ ಬಾಟಲಿಗಳ ಜೊತೆ ಏಳು ಡಾಂಗಲ್‌ಗಳೂ ಹಿತ್ತಾಳೆಯ ಹರಿವಾಣದಲ್ಲಿ ಗಂಧ ಹಚ್ಚಿಸಿಕೊಂಡು, ಕೇಪುಳದ ಹೂವು ಹೊತ್ತು ಮಲಗಿದವು. ಈ ಯಂತ್ರದ ಗುರು ಅವಳೇ ಎಂದು ಆರತಿ ಅವಳ ಕೈಗೆ ಬಂತು. ಪೂಜೆಗಿಟ್ಟ ಆಯುಧವನ್ನು ತಾವಾಗಿ ಎತ್ತಬಾರದು, ಆರತಿ ಎತ್ತಿದವರೇ ಕೈಗೆ ಕೊಡಬೇಕು ಎನ್ನುವುದು ಆ ಕಚೇರಿಯ ನಡೆವಳಿ.

ವಿಜಯದಶಮಿ ಕಳೆದ ಮೇಲೆ ಅವಳು ಹರಿವಾಣ ಹಿಡಿದು ಮೇಜಿನಿಂದ ಮೇಜಿಗೆ ಹೋದಳು. ಕತ್ತರಿ ತೆಗೆದುಕೊಂಡರು, ಮುದ್ರೆ ತೆಗೆದುಕೊಂಡರು. ಡಾಂಗಲ್ ಮಾತ್ರ ನಿನ್ನ ಹತ್ತಿರವೇ ಇರಲಿ, ನಮ್ಮ ಕೈಯಲ್ಲಿ ಎಲ್ಲಿಯಾದರೂ ಬಿದ್ದುಹೋದೀತು ಎಂದರು ರತ್ನಾವತಿಯಕ್ಕ. ಉಳಿದ ಆರು ಮಂದಿಯೂ ಅದನ್ನೇ ಹೇಳಿದರು. ಅವಳು ಅದನ್ನು ಪ್ರೀತಿ ಎಂದುಕೊಂಡಳು. ಪ್ರೀತಿಯೇ ಆಗಿತ್ತು ಕೂಡ. ಕಷ್ಟ ಇದ್ದದ್ದೇ ಅಲ್ಲಿ. ಹಗೆಯ ಹಗ್ಗವಾದರೆ ಕಚ್ಚಿ ಹರಿಯಬಹುದು.

ಅಂದಿನಿಂದ ಅವರು ಹಳೆಯ ರೂಢಿಯಂತೆ ಹಸಿರು ಹಾಳೆಯಲ್ಲಿ ಟಿಪ್ಪಣಿ ಬರೆದು ಅವಳ ಮೇಜಿನ ಮೇಲೆ ಇಡುವುದು, ಅವಳು ಅದನ್ನು ಟೈಪ್ ಮಾಡಿ ಅವರವರ ಡಾಂಗಲ್ ಚುಚ್ಚಿ ಅವರವರ ಹೆಸರು ಮೂಡಿಸುವುದು. ವರ್ಷದ ಕೊನೆಗೆ ಎಷ್ಟು ಮಂದಿ ಕಲಿತರೆಂದು ಮೇಲಿನಿಂದ ವರದಿ ಕೇಳಿದರು. ಏಳಕ್ಕೆ ಏಳೂ ಎಂದು ಅವಳೇ ಬರೆದುಕೊಟ್ಟಳು. ಗುತ್ತಿಗೆ ಮುಂದುವರಿಯಬೇಕಿತ್ತು. ಗೋಡೆಗೆ ಪ್ರಶಸ್ತಿಪತ್ರ ಬಂತು. ಎಲ್ಲರೂ ಕಲಿತು ಮುಗಿಸಿದ ವಿಭಾಗಕ್ಕೆ ಇನ್ನೊಬ್ಬರನ್ನು ಯಾರು ಕಳಿಸುತ್ತಾರೆ? ಜ್ವರ ಬಂದರೂ ಅವಳಿಗೆ ರಜೆ ಇರಲಿಲ್ಲ. ಅಣ್ಣ ರೋಷನನ ಮದುವೆಯ ದಿನ ಧಾರೆ ಮುಗಿದದ್ದೇ ತಡ, ರೇಷ್ಮೆ ಸೀರೆಯಲ್ಲೇ ಬಜಪೆಯಿಂದ ಬಸ್ಸು ಹತ್ತಿ ಬಂದು ಮೂವತ್ತು ಫೈಲು ಮುಗಿಸಿದ್ದಳು. ಬಾಯಲ್ಲಿದ್ದ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಈಗ ಬಿಡುಗಡೆಯ ಸಹಿಯೂ ಅವಳ ಬೆರಳಲ್ಲೇ ಇತ್ತು. ಅರೆ ನಿಮಿಷದ ಕೆಲಸ. ಅಮ್ಮ ದೇಯಿ ಬೆಳಿಗ್ಗೆಯೇ ಕಟೀಲಿನ ದೇವಿಗೆ ಹೂವಿನ ಪೂಜೆ ಹೇಳಿಕೊಂಡಿದ್ದರು. ಯಶ್ಮಿತಾ ಶೆಟ್ಟರ ಡಾಂಗಲ್ ಚುಚ್ಚಿದಳು. ಪರದೆಯಲ್ಲಿ ಮೇಲೆ ಅವಳ ಹೆಸರು, ಕೆಳಗೆ ಶೆಟ್ಟರ ಹೆಸರಿಗೆ ಬಿಟ್ಟ ಜಾಗ. ಬೆರಳು ಅಲ್ಲೇ ನಿಂತಿತು. ನಿನ್ನನ್ನು ಬಿಟ್ಟೆ ಎಂದು ತನಗೆ ತಾನೇ ಇನ್ನೊಬ್ಬರ ಹೆಸರಿನಲ್ಲಿ ಹೇಳಿಕೊಳ್ಳುವುದೇ? ಎರಡು ವರ್ಷಗಳಲ್ಲಿ ಒತ್ತಿದ ಸಾವಿರ ಸಹಿಗಳೂ ಇಂಥವೇ ಅಲ್ಲವೇ ಎಂಬುದು ಆಗ ಹೊಳೆಯಿತು. ದೇವರೆದುರು ಕೈಮುಗಿಯುವ ಕೈಯೂ ಇದೇ.

ಡಾಂಗಲ್ ಕಿತ್ತುಕೊಂಡು ಹೋಗಿ ಅವಳು ಶೆಟ್ಟರ ಮುಂದೆ ಇಟ್ಟಳು. ಇದೊಂದನ್ನು ನೀವೇ ಹಾಕಬೇಕು ಎಂದಳು.

“ನಾನು ಹಾಕಿದ್ರೆ ಹಾಳಾದೀತು ಮಗಾ.”

“ಹಾಳಾದ್ರೆ ನನ್ನದಲ್ವಾ ಸರ್ ಹಾಳಾಗುವುದು? ನೀವು ಹಾಕಿ.”

ಅಂಕೆ ಮೂರು ಸಲ ತಪ್ಪಿದರೆ ಡಾಂಗಲ್ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಸಲು ವಾರ ಬೇಕು. ಅವಳು ಅಂಕೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಶೆಟ್ಟರು ಒತ್ತಿದರು, ತಪ್ಪಿತು. ಮತ್ತೆ ಒತ್ತಿದರು, ಮತ್ತೆ ತಪ್ಪಿತು. ವಿಭಾಗವೆಲ್ಲ ಎದ್ದು ಬಂದು ಸುತ್ತ ನಿಂತಿತ್ತು.

“ಶೆಟ್ರೇ, ಅದು ಕಂಬಳದ ಕೋಣ ಅಲ್ಲ, ಹಾಗೆ ಗುದ್ದಬೇಡಿ,” ಎಂದರು ರತ್ನಾವತಿಯಕ್ಕ. “ಒಂದು ಒತ್ತಿದ್ರೆ ಎರಡು ಬೀಳ್ತಾ ಉಂಟು.”

ಯಶ್ಮಿತಾಳ ಬೆರಳುಗಳು ಬೆನ್ನ ಹಿಂದೆ ತಾವಾಗಿಯೇ ಅಂಕೆಯನ್ನು ಒತ್ತುತ್ತಿದ್ದವು. ಮೂರನೆಯ ಸಲ ಶೆಟ್ಟರು ಜಪಕ್ಕೆ ಕುಳಿತವರಂತೆ ಒಂದೊಂದು ಅಂಕೆಯನ್ನೂ ಬಾಯಲ್ಲಿ ಹೇಳಿ, ಮೆಲ್ಲನೆ ಮುಟ್ಟಿದರು. ಹೆಸರು ಮೂಡಿತು. ಶೆಟ್ಟರು ಅದನ್ನು ತುಂಬ ಹೊತ್ತು ನೋಡಿದರು. ಇದು ಇಷ್ಟೇ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

ಹತ್ತು ನಿಮಿಷವಾಗಿರಲಿಲ್ಲ, ಫೋನು ಬಂತು. ಮೇಲಿನ ಮಹಡಿಯ ರೊಸಾಲಿನ್. ಅವಳೂ ಹನ್ನೊಂದು ತಿಂಗಳ ಗುತ್ತಿಗೆಯವಳೇ, ಕುಲಸಚಿವರಿಗೆ ಕಂಪ್ಯೂಟರ್ ಕಲಿಸಲೆಂದು ಬಂದವಳು.

“ನಿನ್ನ ಫೈಲ್ ಬಂತು. ಹಾಕಿಬಿಡ್ಲಾ? ಸಾಹೇಬ್ರ ಡಾಂಗಲ್ ನನ್ನ ಹತ್ರ ಉಂಟು.”

“ಸಾಹೇಬ್ರು ಇಲ್ವಾ?”

“ಇದ್ದಾರೆ. ಅವರಿಗೆ ಬರುವುದಿಲ್ಲ ಮಾರಾಯ್ತಿ.”

ಯಶ್ಮಿತಾ ಕಣ್ಣು ಮುಚ್ಚಿದಳು. ಹೂಂ ಎಂದರೆ ಮುಗಿಯಿತು, ನಾಳೆ ಬಂಟ್ವಾಳ. ಆದರೆ ಇಲ್ಲಿ ಕೆಳಗೆ ಬೇಡವೆಂದು ಬಿಟ್ಟದ್ದನ್ನೇ ಮೇಲೆ ಮತ್ತೆ ಹೊತ್ತುಕೊಂಡ ಹಾಗಾಗುತ್ತದೆ. ಹಾಕಬೇಡ, ನಾನು ಬರುತ್ತೇನೆ ಎಂದಳು.

ಅವಳು ಮೆಟ್ಟಿಲು ಹತ್ತಿ ಹೋದಾಗ ಕುಲಸಚಿವರು ಚೀಲಕ್ಕೆ ಕಾಗದ ತುಂಬುತ್ತಿದ್ದರು. ಸಂಜೆಯ ವಿಮಾನಕ್ಕೆ ಹೊರಟವರು. ವಿಷಯ ಕೇಳಿ, ರೊಸಾಲಿನ್ ಹಾಕುತ್ತಾಳಲ್ಲ, ಯಾವಾಗಲೂ ಅವಳೇ ಹಾಕುವುದು ಎಂದರು. ಇದನ್ನು ನೀವೇ ಹಾಕಬೇಕು ಎಂದಳು ಯಶ್ಮಿತಾ. ಹಾಗಾದರೆ ಸೋಮವಾರ ನೋಡುವ ಎಂದರು. ಸೋಮವಾರಕ್ಕೆ ಆ ಕೆಲಸ ಇನ್ನೊಬ್ಬರದಾಗಿರುತ್ತದೆ ಎಂದಳು.

“ಅದಕ್ಕೇ ಹೇಳಿದ್ದು, ಅವಳು ಹಾಕಲಿ. ನಾನು ಒಪ್ಪಿದ್ದೇನಲ್ಲ ಮಾರಾಯ್ತಿ.”

“ಬಿಡುವವರು ನೀವು ಸರ್. ನೀವು ಬಿಟ್ಟರೆ ಹೋಗ್ತೇನೆ. ಅವಳ ಕೈಯಿಂದ ನನಗೆ ಬೇಡ.”

ಕುಲಸಚಿವರು ಕೆಟ್ಟವರಲ್ಲ. ತಡವಾದವರು, ಅಷ್ಟೇ. ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಬಂದರು. ಬಾಗಿಲಲ್ಲಿ ಯಶ್ಮಿತಾ ನಿಂತಿದ್ದಳು. ದೊಡ್ಡವರು ಬಂದಾಗ ಗೋಡೆಗೆ ಅಂಟಿ ದಾರಿ ಬಿಡುವುದು ಎರಡು ವರ್ಷಗಳಿಂದ ಅವಳ ಮೈಗೆ ಹತ್ತಿದ ಅಭ್ಯಾಸ. ಈಗ ಮನಸ್ಸಿನಲ್ಲಿ ಅಮ್ಮನ ದೇವಿಯನ್ನು ನೆನೆದಳು. ಸರಿಯಲಿಲ್ಲ.

ಕೆಳಗೆ ಕಾರಿನ ಹಾರನ್ ಒಮ್ಮೆ ಕೇಳಿತು, ಇನ್ನೊಮ್ಮೆ ಕೇಳಿತು. ಕುಲಸಚಿವರು ಅವಳ ಮುಖ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಚೀಲವನ್ನು ನೆಲಕ್ಕಿಟ್ಟು ಕುರ್ಚಿಗೆ ಮರಳಿದರು.

“ರೊಸಾಲಿನ್,” ಎಂದು ಕರೆದರು. “ನನ್ನ ಅಂಕೆ ಎಷ್ಟು?”