ಒಳ್ಳೆ ಕೋಣೆಯ ಮಾತು

ಚಿಕ್ಕಮ್ಮ ಈ ಸಲವೂ ಒಳ್ಳೆ ಕೋಣೆಯ ಒಲೆಗೇ ಬೆಂಕಿ ಹಾಕಿಸಿದ್ದಳು. ಬೀದಿಯ ತಿರುವಿನಲ್ಲೇ ಆ ಕಡೆಯ ಹೊಗೆಗೂಡಿನಿಂದ ಹೊಗೆ ಏಳುವುದನ್ನು ಕಂಡು ವಾಲ್ಟ್ರೌಟ್ ಶೆಂಪ್ ಕಾರಿನಲ್ಲಿ ಕೂತೇ ಹಣೆ ಚಚ್ಚಿಕೊಂಡಳು. ಆ ಕೋಣೆ ಬೆಚ್ಚಗಾಗುತ್ತಿದ್ದದ್ದು ಕ್ರಿಸ್‌ಮಸ್ಸಿಗೆ, ಪಾದ್ರಿ ಬಂದರೆ, ಮತ್ತೆ ಡಾಕ್ಟರೇಟು ಪಡೆದ ಅಕ್ಕನ ಮಗಳು, ಅಂದರೆ ತಾನು, ಬಂದರೆ. ಅಲ್ಲಿ ಕಸೂತಿ ಹಾಸಿನ ಮೇಜು, ಚಿನ್ನದಂಚಿನ ಕಪ್ಪು. ಅಲ್ಲಿ ಕೂತರೆ ಚಿಕ್ಕಮ್ಮನ ನಾಲಿಗೆಯೂ ಭಾನುವಾರದ ಬಟ್ಟೆ ಹಾಕಿಕೊಳ್ಳುತ್ತಿತ್ತು.

"ದಯವಿಟ್ಟು ಕುಳಿತುಕೋ. ನಿನ್ನ ಪ್ರಯಾಣವು ಸುಖಕರವಾಗಿತ್ತೇ?" ಎಂದು ತೊಂಬತ್ತರ ಹತ್ತಿರದ ಚಿಕ್ಕಮ್ಮ ಕ್ರೆಸೆಂಟ್ಸ್, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೇಳಿದಳು.

ಸುಖಕರವಾಗಿತ್ತು ಎಂದು ವಾಲ್ಟ್ರೌಟ್ ಧ್ವನಿಮುದ್ರಕವನ್ನು ಕಸೂತಿಯ ಮೇಲಿಟ್ಟಳು. ಇದೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂಬುದು ಇಡುವಾಗಲೇ ಗೊತ್ತಿತ್ತು.

ಶ್ವಾಬಿಯಾ ಸೀಮೆಯ ಆಡುಮಾತುಗಳ ನಿಘಂಟಿಗೆ ಅವಳು ಆಯುಷ್ಯವನ್ನೇ ತೆತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮದುವೆಯ ಮಾತು ಬಂದಿತ್ತು. ನಿಘಂಟು ಅರ್ಧವಾದರೂ ಆಗಲಿ ಎಂದಳು. ಹುಡುಗ ಕಾಯಲಿಲ್ಲ, ನಿಘಂಟೂ ಅರ್ಧವಾಗಲಿಲ್ಲ. ದನದ ಕೊಟ್ಟಿಗೆ, ದ್ರಾಕ್ಷಿತೋಟ, ವೃದ್ಧಾಶ್ರಮ ಎಂದು ಸುತ್ತಿ ಕಾಳು ಹೆಕ್ಕುವ ಹಾಗೆ ಮಾತು ಹೆಕ್ಕಿ ತಂದಳು. ಅವಳು ತಂದದ್ದರ ಮೇಲೆ ಪ್ರೊಫೆಸರುಗಳು ಪ್ರಬಂಧ ಬರೆದು ಹಾರ ಹಾಕಿಸಿಕೊಂಡರು. ಅವಳ ಹೆಸರು ಅಡಿಟಿಪ್ಪಣಿಗಿಳಿಯಿತು. ಈಗ ಕೊನೆಯ ಸಂಪುಟ ಅಚ್ಚಿಗೆ ಹೊರಟಿತ್ತು, ಅವಳಿಗೆ ನಿವೃತ್ತಿ ಹತ್ತಿರ ಬಂದಿತ್ತು. ಸಂಪುಟದ ನಕ್ಷೆಯಲ್ಲಿ ಸೀಮೆಯ ಊರೂರಿನ ಉಚ್ಚಾರವೂ ಇತ್ತು. ಒಂದೇ ಊರು ಖಾಲಿ. ಅದು ಐಶ್‌ಹಾಲ್ಡೆ, ಅವಳ ತಾಯಿಯ ತವರು. ದೀಪದ ಬುಡದಲ್ಲಿ ಕತ್ತಲೆ ಎಂದು ಸಹೋದ್ಯೋಗಿಗಳು ಕಾಫಿ ಹೊತ್ತಿನಲ್ಲಿ ನಗುತ್ತಿದ್ದರು, ಅವಳೆದುರೇ.

ಊರಲ್ಲಿ ಜನರಿಲ್ಲವೆಂದಲ್ಲ. ಹಳಬರೆಲ್ಲ ತೀರಿಕೊಂಡಿದ್ದರು, ಇದ್ದ ಹೆಂಗಸರು ಬೇರೆ ಊರುಗಳಿಂದ ಸೊಸೆಯರಾಗಿ ಬಂದವರು, ಮಕ್ಕಳದು ಟೀವಿಯ ಮಾತು. ಮದುವೆಯಾಗದೆ ಹುಟ್ಟಿದ ಮನೆಯಲ್ಲೇ ಉಳಿದ ಕ್ರೆಸೆಂಟ್ಸ್ ಒಬ್ಬಳ ಬಾಯಲ್ಲಿ ಐಶ್‌ಹಾಲ್ಡೆಯ ಮಾತು ಹದಗೆಡದೆ ಉಳಿದಿತ್ತು. ಅವಳು ಹಿತ್ತಲಲ್ಲಿ ಕೋಳಿಗಳನ್ನು ಬೈಯುವುದನ್ನು ವಾಲ್ಟ್ರೌಟ್ ಗೋಡೆಯಾಚೆಯಿಂದ ಕೇಳಿದ್ದಳು. ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಕೋಳಿಗಿರುವ ಭಾಗ್ಯ ತನಗಿಲ್ಲ ಎಂದು ಕಾರಿನಲ್ಲಿ ಅತ್ತದ್ದೂ ಉಂಟು.

ಅವಳ ತಾಯಿ ಅಗಾಥೆ ಸ್ಟೇಷನ್ ಮಾಸ್ತರನನ್ನು ಮದುವೆಯಾಗಿ ಪಟ್ಟಣ ಸೇರಿದವಳು. ಮಗಳ ಬಾಯಲ್ಲಿ ಹಳ್ಳಿಯ ಒಂದು ಮಾತು ಬಂದರೂ ಬಾಯಿಯ ಮೇಲೆ ಏಟು ಬೀಳುತ್ತಿತ್ತು. ಹಾಗೆ ಮಾತಾಡುವ ಮಕ್ಕಳನ್ನು ದೊಡ್ಡ ಶಾಲೆಯಲ್ಲಿ ಹಿಂದಿನ ಬೆಂಚಿಗೆ ಹಾಕುತ್ತಿದ್ದ ಕಾಲ ಅದು. ಬೇಸಿಗೆ ರಜೆಗೆ ಚಿಕ್ಕಮ್ಮನ ಮನೆಗೆ ಬಂದರೆ ಊಟ, ಹಾಸಿಗೆ, ಹಾಲು ಎಲ್ಲ ಇತ್ತು, ಮಾತು ಮಾತ್ರ ತೂಕ ಹಾಕಿದಷ್ಟು. ಚಿಕ್ಕಮ್ಮನಿಗೆ ತಾನೆಂದರೆ ಅಷ್ಟಕ್ಕಷ್ಟೇ ಎಂದು ವಾಲ್ಟ್ರೌಟ್ ಆಗಲೇ ತೀರ್ಮಾನಿಸಿದ್ದಳು.

ಕೇಕು ಮುಗಿಯಿತು, ಚಿಕ್ಕಮ್ಮ ಒಪ್ಪಿಸುತ್ತಿದ್ದ ಪಾಠವೂ ಮುಗಿಯಿತು. ಅಂದು ಊರಿಗೆಲ್ಲ ಸೇರಿದ ಒಲೆಯಿರುವ ಭಟ್ಟಿಮನೆಯಲ್ಲಿ ರೊಟ್ಟಿ ಸುಡುವ ದಿನ. ಸರದಿಯ ಚೀಟಿ ಎತ್ತುವಾಗ ಚಿಕ್ಕಮ್ಮನಿಗೆ ಮೊದಲ ಸರದಿ ಬಂದಿತ್ತು. ಭಟ್ಟಿ ಕಾಯಿಸುವ ಕರ್ಮವೆಲ್ಲ ಮೊದಲ ಸರದಿಯವರದು. ಮುದುಕಿಯ ಭುಜ ಹಿಡಿದಿತ್ತು. ಹಿಟ್ಟಿನ ಬುಟ್ಟಿಯನ್ನು ತಾನೇ ಹೊರುತ್ತೇನೆಂದು ವಾಲ್ಟ್ರೌಟ್ ಎದ್ದಳು. ಧ್ವನಿಮುದ್ರಕ ಕಸೂತಿಯ ಮೇಲೇ ಉಳಿಯಿತು.

ಭಟ್ಟಿಮನೆಯಲ್ಲಿ ಚಿಕ್ಕಮ್ಮ ಮೊದಲೇ ಹೊತ್ತಿಸಿ ಬಂದಿದ್ದ ಸೌದೆ ಉರಿದು ಕೆಂಡವಾಗಿತ್ತು. ಪಕ್ಕದೂರಿಂದ ಸೊಸೆಯಾಗಿ ಬಂದ, ಎರಡನೆಯ ಸರದಿಯ ಥೆಕ್ಲಾ ಬೆಂಚಿನ ಮೇಲೆ ಕೂತಿದ್ದಳು. ಮಾತು ತೆಗೆಯಲು ವಾಲ್ಟ್ರೌಟ್ ತನಗೆ ಬಂದಷ್ಟು ಹಳ್ಳಿಮಾತಿನಲ್ಲಿ ಅವಳ ಕ್ಷೇಮ ವಿಚಾರಿಸಿದಳು. ಥೆಕ್ಲಾ ಸೆರಗಿಲ್ಲದಿದ್ದರೂ ಬಾಯಿಗೆ ಏಪ್ರನ್ ಅಡ್ಡ ಹಿಡಿದು ನಕ್ಕಳು.

"ಬೇಜಾರ್ ಮಾಡ್ಕೋಬೇಡಿ ಡಾಕ್ಟ್ರಮ್ಮ, ನಿಮ್ ಬಾಯಲ್ಲಿ ನಮ್ ಮಾತು ಬಾಡಿಗೆ ಕೋಟು ಹಾಕ್ಕೊಂಡಂಗೆ ಕಾಣ್ತದೆ. ಎಲ್ಲಾ ಸರಿಯಾಗದೆ, ಆದ್ರೆ ನಿಮ್ದಲ್ಲ."

ಅದು ವಾಲ್ಟ್ರೌಟಳ ಎದೆಗೆ ನಾಟಿತು. ಚಿಕ್ಕಮ್ಮ ಕೆಂಡ ಹೊರಗೆಳೆಸಿ, ಉದ್ದ ಕೋಲಿನ ಹುಲ್ಲು ಪೊರಕೆ ಅವಳ ಕೈಗೆ ಕೊಟ್ಟು, ಭಟ್ಟಿಯ ಬೂದಿ ಗುಡಿಸಬೇಕೆಂದು ಶುದ್ಧ ಭಾಷೆಯಲ್ಲಿ ಕೋರಿದಳು. ಆ ಪೊರಕೆಗೆ ಯಾವ ಊರಲ್ಲಿ ಏನು ಹೆಸರು ಎಂಬುದು ವಾಲ್ಟ್ರೌಟಳಿಗೆ ಬಾಯಿಪಾಠ. ಆದರೆ ಮನಸ್ಸು ಬಾಡಿಗೆ ಕೋಟಿನಲ್ಲೇ ಸಿಕ್ಕಿಕೊಂಡು, ಪಕ್ಕದ ಬಕೆಟ್ಟಿನಲ್ಲಿ ಅದ್ದದೆ ಒಣ ಪೊರಕೆಯನ್ನೇ ಒಳಕ್ಕೆ ನೂಕಿದಳು. ಹುಲ್ಲು ಭಗ್ಗನೆ ಹತ್ತಿಕೊಂಡಿತು.

"ಅಯ್ಯೋ ನಿನ್ ಕೈ ಸೇದೋಗ, ವಣ್ಗಿರೋ ಪರ್ಕೆ ತುರುಕ್ತೀಯಲ್ಲೇ ಮೂದೇವಿ" ಎಂದು ಹಿಂದಿನಿಂದ ಒಂದು ಗಂಟಲು ಸಿಡಿಯಿತು. "ಕಣ್ಣೇನ್ ಮನೇಲಿಟ್ ಬಂದಿದ್ದೀಯಾ? ಸರಿಯತ್ಲಾಗೆ, ಊರ್ ಸುಟ್‌ಬುಟ್ಟೀಯ."

ಥೆಕ್ಲಾ ಬಕೆಟ್ಟು ಎತ್ತಿ ಸುರಿದಳು. ಹೊಗೆಯ ನಡುವೆ ವಾಲ್ಟ್ರೌಟ್ ಸುಟ್ಟ ಕೋಲು ಹಿಡಿದು ಮಂಕಾಗಿ ನಿಂತಿದ್ದಳು. ಅವಳಿಗೆ ಬೇಕಿದ್ದ ಸ್ವರಗಳೆಲ್ಲ ಒಂದೇ ಉಸಿರಿಗೆ ಬಂದು ಹೋಗಿದ್ದವು. ಇನ್ನೊಮ್ಮೆ ಹೇಳಿ ಎಂದು ಗೋಗರೆದಳು. ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಕ್ಷಮಿಸು ಮಗಳೇ. ನಾನು ಕೆಟ್ಟದಾಗಿ ಮಾತನಾಡಿದೆನು."

ಥೆಕ್ಲಾ ಹೊಸ ಪೊರಕೆ ತಂದು ಗುಡಿಸಿದಳು, ರೊಟ್ಟಿಗಳು ಒಳಗೆ ಹೋದವು, ಅವಳು ತನ್ನ ಹಿಟ್ಟು ತರಲು ಮನೆಗೆ ಹೋದಳು. ಬೆಂಚಿನ ಮೇಲೆ ಇಬ್ಬರೇ ಉಳಿದಾಗ ವಾಲ್ಟ್ರೌಟಳ ಸಿಟ್ಟು ಕಟ್ಟೆಯೊಡೆಯಿತು. ಸಿಟ್ಟಿನಲ್ಲೂ ಅವಳ ವ್ಯಾಕರಣ ತಪ್ಪಲಿಲ್ಲ.

"ನೀವು ಕೋಳಿಗಳೊಂದಿಗೆ ಮಾತನಾಡುತ್ತೀರಿ, ಚಿಕ್ಕಮ್ಮ. ನನ್ನೊಂದಿಗೆ ಏಕೆ ಮಾತನಾಡುವುದಿಲ್ಲ? ನಾನು ನಿಮಗೆ ಏನು ಮಾಡಿದ್ದೇನೆ?"

ಚಿಕ್ಕಮ್ಮ ಭಟ್ಟಿಯ ಬಾಗಿಲನ್ನೇ ನೋಡುತ್ತ, ಅದೇ ಇಸ್ತ್ರಿ ಹಾಕಿದ ಭಾಷೆಯಲ್ಲಿ ನಿಧಾನವಾಗಿ ಹೇಳಿದಳು. ಅಗಾಥೆ ಮೊದಲ ಬೇಸಿಗೆಗೆ ಮಗಳನ್ನು ಬಿಟ್ಟು ಹೋಗುವಾಗ ಈ ಬೆಂಚಿನ ಮೇಲೇ ತಂಗಿಯಿಂದ ಭಾಷೆ ತೆಗೆದುಕೊಂಡಿದ್ದಳಂತೆ: ನಮ್ಮ ಮಾತಿನಿಂದ ನನಗಾದ ಅವಮಾನ ಇವಳಿಗೆ ಆಗಬಾರದು, ಇವಳ ಹತ್ತಿರ ನೀನು ನಮ್ಮ ಮಾತು ಆಡಕೂಡದು. ಮಗುವಿನ ಜೊತೆ ಆ ಪರಕೀಯ ಭಾಷೆಯಲ್ಲಿ ಏನು ಹೇಳಲೂ ತೋಚದೆ ಕ್ರೆಸೆಂಟ್ಸ್ ಸುಮ್ಮನಿರುವುದನ್ನು ಕಲಿತಳಂತೆ.

ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ ಎಂದಳು ವಾಲ್ಟ್ರೌಟ್.

"ಅವಳು ತೀರಿಕೊಂಡಳು. ಕೊಟ್ಟ ಮಾತು ತೀರಲಿಲ್ಲ."

ವಾಲ್ಟ್ರೌಟಳಿಗೆ ಸತ್ತ ತಾಯಿಯ ಮೇಲೆ ಮೈ ಉರಿಯುವಷ್ಟು ಕೋಪ ಬಂತು. ಯಾವ ಬಾಗಿಲನ್ನು ತಾಯಿ ಮುಚ್ಚಿ ಚಿಲಕ ಹಾಕಿದ್ದಳೋ ಅದನ್ನು ಹುಡುಕಿಕೊಂಡು ಮಗಳು ಜೀವಮಾನವಿಡೀ ಬೇರೆಯವರ ಮನೆಗಳ ಬಾಗಿಲು ತಟ್ಟಿದ್ದಳು. ಆ ತಾಯಿಯಾದರೂ ಪಟ್ಟಣದಲ್ಲಿ ಮಣ್ಣಾದಳೇ? ಸಾಯುವಾಗ ಐಶ್‌ಹಾಲ್ಡೆಯ ಮಣ್ಣೇ ಬೇಕೆಂದಿದ್ದಳು. ಇದನ್ನೆಲ್ಲ ವಾಲ್ಟ್ರೌಟ್ ಹೇಳಿಯೇ ಬಿಟ್ಟಳು, ಹೇಳಿ ಮುಖ ಮುಚ್ಚಿಕೊಂಡು ಅತ್ತಳು. ಕೂದಲು ಬೆಳ್ಳಗಾದ ಅಕ್ಕನ ಮಗಳು ಹಾಗೆ ಬಿಕ್ಕುವುದನ್ನು ಚಿಕ್ಕಮ್ಮ ನೋಡಿದಳು. ಆಮೇಲೆ ಎದ್ದು ಹೊರಗೆ ಹೋದಳು.

ಭಟ್ಟಿಮನೆಗೂ ಚರ್ಚಿನ ಸ್ಮಶಾನಕ್ಕೂ ನಡುವೆ ಒಂದು ಗೋಡೆ ಅಷ್ಟೆ. ವಾಲ್ಟ್ರೌಟ್ ಹಿಂದೆ ಹೋದಾಗ ಚಿಕ್ಕಮ್ಮ ಹಿಟ್ಟಿನ ಏಪ್ರನ್ನಿನಲ್ಲೇ ಅಕ್ಕನ ಸಮಾಧಿಯ ಮುಂದೆ ನಿಂತಿದ್ದಳು. ಅಕ್ಕನ ಜೊತೆ ಮಾತಾಡಲು ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ.

"ಅಗಾಥೇ, ನಿನ್ ಮಗ್ಳು ಬಂದವ್ಳೆ ನೋಡು. ಅವ್ಳ್ ತಲೇನೂ ಬೆಳ್ಳಗಾಯ್ತು ಕಣೇ. ಓದಿದ್ಲು, ದೊಡ್ಡೋಳಾದ್ಲು, ಇನ್ನೇನ್ ಕೆಡ್ತಾಳೆ? ನನ್ ಮಾತ್ ನಂಗೆ ವಾಪಸ್ ಕೊಟ್‌ಬುಡು. ಪಾದ್ರಿ ತರ ಮಾತಾಡಿ ಮಾತಾಡಿ ನನ್ ದವ್ಡೆ ನೋಯ್ತದೆ. ಇದ್ದಿದ್ ಒಂದ್ ಮಗೀನ ಬಾಯ್ತುಂಬ ಬೈಯಕ್ಕೂ ಆಗ್ನಿಲ್ಲ, ಮುದ್ದಾಡಕ್ಕೂ ಆಗ್ನಿಲ್ಲ."

ಕಲ್ಲು ಏನಾದರೂ ಅಂದೀತೇನೋ ಎಂಬಂತೆ ಒಂದಿಷ್ಟು ಕಾದಳು. ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ತಿರುಗಿದಳು.

"ಏನ್ ಹಂಗ್ ಕಣ್ಕಣ್ ಬಿಡ್ತಾ ನಿಂತಿದ್ದೀಯಾ, ನನ್ ಕೂಸೇ? ನಡಿ, ರೊಟ್ಟಿ ಸೀದೋಯ್ತದೆ. ಆಮ್ಯಾಕೆ ಆ ನಿನ್ ಡಬ್ಬಿ ತಕ್ಕೊಂಡ್ ಅಡಿಗೆಮನೆಗ್ ಬಾ. ಎಷ್ಟ್ ಬೇಕೋ ಅಷ್ಟ್ ಒದರ್ತೀನಿ."

ನಕ್ಷೆಯ ಖಾಲಿ ಜಾಗ ಇನ್ನು ತುಂಬುವುದರಲ್ಲಿತ್ತು. ವಾಲ್ಟ್ರೌಟಳಿಗೆ ಆ ಕ್ಷಣ ನಕ್ಷೆಯ ನೆನಪೂ ಇರಲಿಲ್ಲ. ಉತ್ತರ ಕೊಡಬೇಕಿತ್ತು, ಅಷ್ಟೆ. ಈ ಊರಿನ ಮಗಳು ಇಂಥ ಮಾತಿಗೆ ಏನೆನ್ನುತ್ತಾಳೆ, ಯಾವ ಸ್ವರ ಎಳೆಯುತ್ತಾಳೆ, ಯಾವ ಅಕ್ಷರ ನುಂಗುತ್ತಾಳೆ, ಎಲ್ಲ ಗೊತ್ತಿತ್ತು. ಬಾಯಿ ತೆರೆದಳು.

"ಧನ್ಯವಾದಗಳು, ಚಿಕ್ಕಮ್ಮ. ನಾನು ಈಗಲೇ ಬರುತ್ತೇನೆ."

ಚಿಕ್ಕಮ್ಮ ನಗಲಿಲ್ಲ. ಹಿಟ್ಟಿನ ಕೈಯಲ್ಲಿ ಅವಳ ತೋಳು ಹಿಡಿದುಕೊಂಡು ಭಟ್ಟಿಯ ಕಡೆಗೆ ನಡೆಸಿಕೊಂಡು ಹೋದಳು.