ಗೋಡೆಯಿಂದ ಇಳಿಸಿದ ಫೋಟೋ

“ಫೋಟೋ ಕೊಡ್ತೀರೋ ಇಲ್ವೋ? ಮೊದಲ ಪುಟ ಬಾಯಿ ತೆರ್ಕೊಂಡು ಕೂತಿದೆ.”

ಮೇಷ್ಟ್ರು ಕೊಡಲಿಲ್ಲ. ಕಟ್ಟು ಹಾಕಿದ ಆ ಫೋಟೋವನ್ನು ಎದೆಗವಚಿಕೊಂಡು ನಿಂತರು. ನಮ್ಮದು ಸಂಜೆ ಪತ್ರಿಕೆ. ಎರಡು ಗಂಟೆಗೆ ಪುಟ ಅಚ್ಚಿಗೆ ಹೋಗಬೇಕು, ಆಗಲೇ ಒಂದೂಕಾಲು. ನಾನು ಸಂಪಾದಕ, ಅವರು ವರದಿಗಾರ. ಇಪ್ಪತ್ತು ವರ್ಷದ ಹಿಂದೆ ಸುದ್ದಿ ಬರೆಯೋದನ್ನು ನನಗೆ ಕಿವಿ ಹಿಂಡಿ ಕಲಿಸಿದವರು ಅವರೇ. ಅದಕ್ಕೇ ಇಡೀ ಕಚೇರಿಗೆ ಮೇಷ್ಟ್ರು. ಅವರ ಮೇಲೆ ನಾನು ಕಿರುಚುತ್ತಿದ್ದೆ.

ಬೆಳಿಗ್ಗೆ ಹೊಸ ಕಟ್ಟಡಕ್ಕೆ ಕಟ್ಟಿದ್ದ ಸಾರುವೆ ಮರಗಳು ಕುಸಿದು ಬಣ್ಣ ಬಳಿಯುವವನೊಬ್ಬ ಸತ್ತಿದ್ದ. ಇಂಥ ಸುದ್ದಿ ಬಂದರೆ ತಕ್ಷಣ ಮನೆಗೆ ಹೋಗಿ ಫೋಟೋ ತರೋದು ನಮ್ಮ ಪದ್ಧತಿ. ಮನೆಯವರಿಗೆ ಪೊಲೀಸರು ಹೇಳಿರ್ತಾರೆ ಅಂತ ನಾವು, ಕಂಟ್ರಾಕ್ಟರ್ ಹೇಳಿರ್ತಾನೆ ಅಂತ ಪೊಲೀಸರು. ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಹೋದಾಗ ಸತ್ತವನ ತಾಯಿ ಬಟ್ಟೆ ಒಣಹಾಕುತ್ತಿದ್ದರಂತೆ. ಪತ್ರಿಕೆಯವರು ಮಗನ ಫೋಟೋ ಕೇಳಿದರೆ ಏನೋ ಬಹುಮಾನ ಬಂದಿರಬೇಕು ಅಂದುಕೊಂಡು, ಒದ್ದೆ ಕೈ ಒರೆಸಿ, ಗೋಡೆಯಿಂದ ಇಳಿಸಿ, ಗಾಜು ಉಜ್ಜಿ ಕೊಟ್ಟರಂತೆ. ಮೂಗು ಮಾತ್ರ ಅವರಪ್ಪಂದು, ಅದಕ್ಕೆ ನಾನೇನೂ ಮಾಡೋಕಾಗಲ್ಲ ಅಂತ ನಕ್ಕರಂತೆ. ಮೇಷ್ಟ್ರು ಫೋಟೋ ಇಸಿದುಕೊಂಡರು. ಮಗ ಸತ್ತದ್ದು ಹೇಳದೆ ಬಂದುಬಿಟ್ಟರು.

“ಕಳ್ಳನ ಥರ ತಂದಿದೀನಿ ಕಣೋ. ಪತ್ರಿಕೆ ಆ ಬೀದಿಗೆ ಹೋಗೋಕೆ ಮುಂಚೆ ನಾನೇ ಹೋಗಿ ಹೇಳ್ಬೇಕು.”

ಅದು ನಿಮ್ಮ ಕೆಲಸವಲ್ಲ, ಇಷ್ಟು ವರ್ಷ ಪೆನ್ನು ಹಿಡಿದು ಇದೂ ಗೊತ್ತಾಗಲಿಲ್ಲವೇ ಅಂತ ಬಾಯಿಗೆ ಬಂದಂತೆ ಅಂದೆ. ಹೋದರೆ ಮತ್ತೆ ಈ ಮೆಟ್ಟಿಲು ಹತ್ತಬೇಡಿ ಅಂತಲೂ ಅಂದೆ. ನನ್ನ ನಾಲಿಗೆಗೆ ಮೂಳೆಯಿಲ್ಲ.

ಅವರು ಕನ್ನಡಕ ತೆಗೆದು ನನ್ನ ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡರು.

“ಮೊದಲು ತಾಯಿಗೆ, ಆಮೇಲೆ ಊರಿಗೆ. ಇದೊಂದು ನಿನಗೆ ಕಲಿಸೋದು ಮರೆತಿದ್ದೆ. ತಪ್ಪು ನಂದೇ.”

ಫೋಟೋ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದರು.

ನಾನು ಪುಟ ತಡೆದೆ. ಅಚ್ಚಿನವನು ಎರಡು ಸಲ ಬಂದು ಬೈದು ಹೋದ. ಮೂರಕ್ಕೆ ಮೇಷ್ಟ್ರ ಫೋನ್ ಬಂತು. ಹೇಳಿದ್ದಾಯಿತು, ಅಕ್ಕಪಕ್ಕದವರು ಬಂದಿದ್ದಾರೆ, ಆಯಮ್ಮ ಹಿಡಿದ ಕೈ ಬಿಡ್ತಿಲ್ಲ, ಇನ್ನು ನೀನು ಅಚ್ಚಿಗೆ ಕಳಿಸು ಅಂದರು. ಕೋಪದಲ್ಲಿ ಅಂದದ್ದು, ಬನ್ನಿ ಮೇಷ್ಟ್ರೇ ಅಂತ ನಾನು ಅನ್ನುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಸುದ್ದಿ ಫೋಟೋ ಇಲ್ಲದೆಯೇ ಬಂತು.

ವಾರದ ಮೇಲೆ, ಅವರು ಮೇಜಿನ ಮೇಲೆ ಬಿಟ್ಟುಹೋಗಿದ್ದ ಕನ್ನಡಕ ಹಿಡಿದುಕೊಂಡು ಅವರ ಮನೆಗೆ ಹೋದೆ. ಟೀ ಕೊಟ್ಟರು, ಬರಲ್ಲ ಅಂದರು. ಕನ್ನಡಕ ವಾಪಸ್ ನನ್ನ ಜೇಬಿಗೇ ತುರುಕಿ, ಇಟ್ಕೋ, ನಿನಗೂ ವಯಸ್ಸಾಯ್ತು, ಕಾಣಲ್ಲ ಅಂದರು. ಅವರು ಮತ್ತೆ ಕಚೇರಿಯ ಮೆಟ್ಟಿಲು ಹತ್ತಲೇ ಇಲ್ಲ.