ಪಂಜರದ ಕೆಳಗೆ ಸಿಕ್ಕ ಕಾಳುಗಳು

ಹುಣಸಿಗೆ ಯಾರೋ ಏನೋ ಹಾಕಿದ್ದಾರೆ ಎಂದು ಹೈಮಾವತಿಬಾಯಿ ಒಂದು ಮುಂಜಾನೆ ತೀರ್ಮಾನಿಸಿದರು. ಸ್ನಾನ ಮುಗಿಸಿ ಬಾಲ್ಕನಿಗೆ ಹೋದರೆ ಅದು ಪಂಜರದ ಮೂಲೆಯಲ್ಲಿ ಮುದುರಿ ಕೂತಿತ್ತು. ಎತ್ತಿಕೊಳ್ಳಲು ಕೈ ಹಾಕಿದರೆ ಕೀರಲು ದನಿಯಲ್ಲಿ ಚೀರಿತು. ಕೆಳಗೆ ಬಿಟ್ಟರೆ ಹಿಂಗಾಲು ಎಳೆಯುತ್ತಾ ಎರಡು ಹೆಜ್ಜೆ ಹೋಗಿ ಕುಸಿಯಿತು. ಯಾರು ಹಾಕಿದರು ಎಂದು ಯೋಚಿಸಲು ಅವರು ಬಹಳ ದೂರ ಹೋಗಬೇಕಾಗಲಿಲ್ಲ. ವಿಜಯವಾಡದವರೆಗೆ ಹೋದರೆ ಸಾಕಾಗಿತ್ತು.

ಹುಣಸಿ ಎಂದರೆ ಮೊಮ್ಮಗಳು ಹರಿಣಿ ಸಾಕಿದ ಗಿನಿ ಪಿಗ್. ಹೆಸರಿಗೆ ಹಂದಿ, ನೋಡಲು ಇಲಿ, ಬಾಲ ಮಾತ್ರ ಇಲ್ಲವೇ ಇಲ್ಲ. ಮೈಬಣ್ಣ ನೋಡಿ ಹುಡುಗಿ ‘ಚಿಂತಪಂಡು’, ಅಂದರೆ ಹುಣಸೆಹಣ್ಣು, ಎಂದು ತೆಲುಗಿನ ಹೆಸರಿಟ್ಟಿದ್ದಳು. ರಾಯಚೂರಿನಿಂದ ವಿಶಾಖಪಟ್ಟಣಕ್ಕೆ ಮಗನ ಮನೆಗೆ ಬಂದ ಅಜ್ಜಿ ಅದನ್ನು ಅಲ್ಲೇ ಹುಣಸಿ ಮಾಡಿದರು. ಸೊಸೆ ತೆಲುಗಿನವಳು, ಮೊಮ್ಮಗಳ ನಾಲಿಗೆಯೂ ಅತ್ತಲೇ ವಾಲಿದೆ; ಇಲಿಯಾದರೂ ಕನ್ನಡದ್ದಾಗಿರಲಿ ಎಂಬುದು ಅವರ ಲೆಕ್ಕ.

ಮೊದಮೊದಲು ಅವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಗಣಪತಿಯ ವಾಹನಕ್ಕೆ ಗಣಪತಿಯ ಪಕ್ಕದಲ್ಲೇ ಜಾಗ, ಬಾಲ್ಕನಿಯಲ್ಲಲ್ಲ ಎನ್ನುತ್ತಿದ್ದರು. ಆದರೆ ಅವರು ಈಳಿಗೆ ಎಳೆದುಕೊಂಡು ತರಕಾರಿಗೆ ಕೂತರೆ ಸಾಕು, ಆ ಸದ್ದಿಗೇ ಹುಣಸಿ ‘ಕುಯ್ಯ್ ಕುಯ್ಯ್’ ಎಂದು ಕರೆಯುತ್ತಿತ್ತು. ಕೊತ್ತಂಬರಿ ದಂಟು, ದೊಣ್ಣಮೆಣಸಿನಕಾಯಿಯ ತುದಿ, ಎಲೆಕೋಸಿನ ಹೊರ ಎಲೆ ಎಲ್ಲವೂ ಅದರ ಪಾಲು. ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಅಷ್ಟು ಆಸೆಯಿಂದ ಅವರನ್ನು ಕರೆದು ವರ್ಷಗಳಾಗಿದ್ದವು. ಹೀಗೆ ಕರೆದರೆ ಯಾರ ಮನಸ್ಸು ತಾನೇ ಕರಗುವುದಿಲ್ಲ?

ಆಷಾಢ ಏಕಾದಶಿಗೆ ಚಾತುರ್ಮಾಸ್ಯ ಹಿಡಿಯಿತು. ಮೊದಲನೇ ತಿಂಗಳು ಶಾಕವ್ರತ. ಕಾಯಿಪಲ್ಯೆ, ಸೊಪ್ಪು, ಹಣ್ಣು ಯಾವುದೂ ಕೂಡದು. ಹಸಿಮೆಣಸಿನಕಾಯಿ, ಹುಣಸೆಹಣ್ಣು ಕೂಡ ಕೂಡದು. ಹೆಸರುಬೇಳೆ, ಕಾಳುಮೆಣಸು, ಹುಳಿಗೆ ಒಣಮಾವಿನ ಪುಡಿ, ಅಷ್ಟರಲ್ಲೇ ತಿಂಗಳು ಕಳೆಯಬೇಕು. ಹೈಮಾವತಿಬಾಯಿ ಅತ್ತೆಯ ಮನೆ ಹೊಕ್ಕಾಗಿನಿಂದ ಒಂದು ವರ್ಷವೂ ತಪ್ಪಿಸದ ವ್ರತ. ತಾವೊಬ್ಬರೇ ಹಿಡಿದರೆ ಆಗದು, ಆ ತಿಂಗಳು ಮನೆಯ ಹೊಸ್ತಿಲೊಳಗೆ ಕರಿಬೇವಿನ ಎಲೆಯೂ ಬರಕೂಡದು. ಬಂದರಿನ ಹಡಗು ಕಚೇರಿಯಲ್ಲಿ ಕೆಲಸ ಮಾಡುವ ಮಗ ಅನಿರುದ್ಧ್ ಕ್ಯಾಂಟೀನಿನಲ್ಲಿ ಉಂಡು ಬರುತ್ತಿದ್ದ. ಸೊಸೆ ಲಕ್ಷ್ಮೀಪ್ರಸನ್ನ ತುಟಿ ಎರಡು ಮಾಡದೆ ಮೆಣಸಿನ ಸಾರು ಉಣ್ಣುತ್ತಿದ್ದಳು. ಹುಣಸಿಗೆ ಒಣಹುಲ್ಲು, ಅಂಗಡಿಯ ಡಬ್ಬದ ಕಾಳುತಿಂಡಿ. ಎಲ್ಲ ಸತ್ವವೂ ಅದರಲ್ಲೇ ಇದೆ ಎಂದು ಅಂಗಡಿಯವನು ಹೇಳಿದ್ದ.

“ನಮ್ಮ ಹುಣಸಿನೂ ಈ ಸಲ ವ್ರತ ಹಿಡದದ ನೋಡು,” ಎಂದು ಹೈಮಾವತಿಬಾಯಿ ಮೊಮ್ಮಗಳ ಮುಂದೆ ನಕ್ಕಿದ್ದರು.

ಅದೇ ಹೊತ್ತಿಗೆ ಸೊಸೆಯ ತಾಯಿ ಕನಕದುರ್ಗ ಸಿಂಹಾಚಲದ ಗಿರಿಪ್ರದಕ್ಷಿಣೆಗೆಂದು ವಿಜಯವಾಡದಿಂದ ಬಂದಿಳಿದರು. ಹುಣ್ಣಿಮೆಗೆ ಬೆಟ್ಟ ಸುತ್ತಿ, ಅಂಗಾಲಿಗೆ ಬೊಕ್ಕೆ ತಂದುಕೊಂಡು, ಅದು ಮಾಯುವವರೆಗೆ ಉಳಿದರು. ಬಂದ ದಿನವೇ ಪಂಜರ ನೋಡಿ, “ಇದೇನಮ್ಮ, ಪಂದಿಕೊಕ್ಕು!” ಎಂದು ಮೂಗಿನ ಮೇಲೆ ಬೆರಳಿಟ್ಟರು. ಪಂದಿಕೊಕ್ಕು ಎಂದರೆ ಹೆಗ್ಗಣ. ವಿಜಯವಾಡದ ಆಟೋನಗರ್‌ನಲ್ಲಿ ಅವರ ಮನೆಯವರದು ಲಾರಿ ಬಾಡಿ ಕಟ್ಟುವ ಶೆಡ್ಡು. ಅಲ್ಲಿ ಹೆಗ್ಗಣಗಳು ಸೀಟಿನ ಸ್ಪಂಜನ್ನೆಲ್ಲ ಕಡಿದುಹಾಕುತ್ತವೆ, ಮದ್ದಿಟ್ಟರಷ್ಟೇ ಒಂದಿಷ್ಟು ದಿನ ಶಾಂತಿ ಎಂದೂ ಹೇಳಿದರು. ಹೈಮಾವತಿಬಾಯಿ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡರು.

ಒಂದು ಬೆಳಿಗ್ಗೆ ಅವರು ಕಂಡದ್ದು ಇದು: ಬೀಗಿತ್ತಿ ಬಾಲ್ಕನಿಯಲ್ಲಿ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ, ಬಲಗೈ ಸೆರಗಿನೊಳಗೆ. ಹೆಜ್ಜೆಯ ಸದ್ದಾದದ್ದೇ ತಡ, ಬೆಚ್ಚಿ ಎದ್ದು ಸೆರಗನ್ನು ಇನ್ನಷ್ಟು ಎಳೆದುಕೊಂಡರು. “ಗಾಳಿಗೆ ಬಂದೆ, ವದಿನಗಾರೂ,” ಎಂದು ಯಾರೂ ಕೇಳದಿದ್ದರೂ ತೆಲುಗಿನಲ್ಲಿ ಕಾರಣ ಹೇಳಿದರು. ವದಿನ ಎಂದರೆ ಅತ್ತಿಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರಂತೂ ಕಳ್ಳ ಎನ್ನುವ ಮೊದಲೇ ಮುಟ್ಟಿಕೊಂಡರಲ್ಲ ಎಂದುಕೊಂಡರು ಹೈಮಾವತಿಬಾಯಿ.

ಕನಕದುರ್ಗ ಊರಿಗೆ ಹೋದ ಮೇಲೆ ಹುಣಸಿ ಮಂಕಾಯಿತು. ಕೂದಲು ಒರಟಾಯಿತು, ಕಾಳು ಮುಟ್ಟಲಿಲ್ಲ, ಕೊನೆಗೆ ಕಾಲು ಎಳೆಯತೊಡಗಿತು. ಹರಿಣಿ ಶಾಲೆಯ ಡಬ್ಬಿಯನ್ನು ತೆರೆಯದೆಯೇ ವಾಪಸು ತರುತ್ತಿದ್ದಳು. “ಅಜ್ಜೀ, ಚಿಂತಪಂಡು ಸಾಯ್ತದಾ?” ಎಂದು ಆ ಕೂಸು ಕೇಳಿತು. ಅಂದೇ ಹೈಮಾವತಿಬಾಯಿ ಪಂಜರ ಎತ್ತಿ ಕೆಳಗೆ ಗುಡಿಸಿದರು. ಹಿಕ್ಕೆಯ ನಡುವೆ ಪುಟ್ಟ ಪುಟ್ಟ ಕಾಳು, ಮಾಸಲು ಹಳದಿ, ಕಲ್ಲಿನಷ್ಟು ಗಟ್ಟಿ. ಅವರ ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದರದು ತೆಗೆಸಬೇಕಿತ್ತು. ಎರಡೂ ಕಣ್ಣು ಒಂದೇ ಮಾತು ಹೇಳಿದವು: ಇಲಿಪಾಷಾಣ. ಕಾಗದದಲ್ಲಿ ಕಟ್ಟಿ ಅಡಿಕೆಚೀಲದ ತಳದಲ್ಲಿ ಇಟ್ಟುಕೊಂಡರು.

ಇಟ್ಟುಕೊಂಡು ಸುಮ್ಮನಿರಬೇಕಿತ್ತು. ಬಾಯಿ ಕೇಳಬೇಕಲ್ಲ!

“ನಿಮ್ಮ ಅವ್ವ ಬಂದುಹೋದ ಮ್ಯಾಲೇ ಇದಕ್ಕ ಹಿಂಗಾಗ್ಯದ. ನಾ ಏನೂ ಅನ್ನಂಗಿಲ್ಲವಾ, ಸುಮ್ನ ಹೇಳಿದೆ,” ಎಂದರು ಸೊಸೆಗೆ.

ಲಕ್ಷ್ಮೀಪ್ರಸನ್ನ ಒಲೆಯ ಉರಿ ಸಣ್ಣಗೆ ಮಾಡಿ ತಿರುಗಿ ನಿಂತಳು. “ಅಮ್ಮ ಇಲಿಗೆ ಮದ್ದು ಇಡ್ತಾಳೆ ಅತ್ತಯ್ಯಾ. ಮೊಮ್ಮಗಳು ಸಾಕಿದ್ದಕ್ಕೆ ಇಡೋಲ್ಲ,” ಎಂದಳು. ಅವಳ ಕಣ್ಣು ತುಂಬಿತ್ತು. ಅಂದಿನಿಂದ ಊಟಕ್ಕೆ ಬನ್ನಿ, ನೀರು ಬಂದಿದೆ ಎನ್ನುವುದನ್ನು ಬಿಟ್ಟು ಅತ್ತೆಯೊಂದಿಗೆ ಅವಳಿಗೆ ಮಾತಿಲ್ಲ. ಪೆಟ್ಟು ಬಿದ್ದಿರಬೇಕು ಎಂದು ಹತ್ತಿರದ ನಾಯಿ-ಬೆಕ್ಕಿನ ಡಾಕ್ಟರು ನೋವಿನ ಔಷಧಿ ಕೊಟ್ಟರು, ಗುಣ ಕಾಣಲಿಲ್ಲ. ಇಂಥ ಸಣ್ಣ ಪ್ರಾಣಿಗಳನ್ನೇ ನೋಡುವ ಡಾಕ್ಟರಮ್ಮ ವಿಜಯವಾಡದಲ್ಲಿದ್ದಾರೆ, ಹೇಗೂ ವರಲಕ್ಷ್ಮೀ ವ್ರತಕ್ಕೆ ಬರುತ್ತೀರಲ್ಲ, ಎರಡು ದಿನ ಮುಂಚೆ ಬನ್ನಿ ಎಂದು ಕನಕದುರ್ಗ ತಾವೇ ಫೋನು ಮಾಡಿದರು. ಹಾಕುವವರೂ ಇವರೇ, ತೋರಿಸುವವರೂ ಇವರೇ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಎಂದುಕೊಂಡು ಹೈಮಾವತಿಬಾಯಿ ಅಡಿಕೆಚೀಲವನ್ನು ಸೊಂಟಕ್ಕೆ ಸಿಕ್ಕಿಸಿ ಕಾರು ಹತ್ತಿದರು.

ದಾರಿಯುದ್ದಕ್ಕೂ ಪಂಜರ ಅವರ ಕಾಲ ಬಳಿ. ಸೆಖೆ ತಡೆಯುವ ಪ್ರಾಣಿಯಲ್ಲ ಎಂದು ಹರಿಣಿ ತಣ್ಣೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿ ಇಟ್ಟಿದ್ದಳು. ಹುಣಸಿ ಅದಕ್ಕೆ ಒರಗಿ ಕಣ್ಣು ಮುಚ್ಚಿತ್ತು. ಒಮ್ಮೆಯಾದರೂ ಕುಯ್ಯ್ ಎನ್ನಬಾರದೇ ಎಂದು ಅವರು ಕಿವಿಗೊಟ್ಟು ಕೂತರು. ಅದು ಅನ್ನಲಿಲ್ಲ.

ಆಟೋನಗರ್‌ನ ಮನೆಯಲ್ಲಿ ಅಂಗಳದಾಚೆಯಿಂದ ತಗಡು ಬಡಿಯುವ ಸದ್ದು ಬಿಡದೆ ಬರುತ್ತಿತ್ತು. ಕನಕದುರ್ಗ ಹೊಸ ಪಾತ್ರೆಯಲ್ಲಿ ಬೇರೆಯಾಗಿಯೇ ಅಡುಗೆ ಮಾಡಿಟ್ಟಿದ್ದರು. ಹೆಸರುಬೇಳೆ ತೊವ್ವೆ, ಮೆಣಸಿನ ಸಾರು, ಪಾಯಸ. “ಹುಣಸೆ ಹಾಕಿಲ್ಲ, ಮೆಣಸಿನಕಾಯಿ ಹಾಕಿಲ್ಲ, ನಿಶ್ಚಿಂತೆಯಿಂದ ಊಟ ಮಾಡಿ ವದಿನಗಾರೂ,” ಎಂದರು ತೆಲುಗಿನಲ್ಲಿ. ಅವರು ತುಪ್ಪ ತರಲು ಒಳಗೆ ಹೋದಾಗ ಹೈಮಾವತಿಬಾಯಿ ಸಾರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಹುಳಿ ಯಾವುದರದೆಂದು ತಿಳಿಯಲಿಲ್ಲ. ಮೊಸರನ್ನ ಮಾತ್ರ ಉಂಡು ಎದ್ದರು.

ಊಟವಾದ ಮೇಲೆ ಪಂಜರ ಹಿಡಿದು ಎಲ್ಲರೂ ಹೊರಟರು. ಡಾಕ್ಟರು ಮೇಧಾ ಎಂಬ ಹುಡುಗಿ, ಹಾಸನದ ಕಡೆಯವಳು, ವರ್ಷದ ಮಟ್ಟಿಗೆ ಈ ಆಸ್ಪತ್ರೆಗೆ ಬಂದವಳು. ಅಜ್ಜಿಯ ಬಾಯಲ್ಲಿ ಕನ್ನಡ ಕೇಳಿ ಅವಳ ಮುಖ ಅರಳಿತು. ಹುಣಸಿಯನ್ನು ಟವೆಲಿನ ಮೇಲೆ ಕೂರಿಸಿ, ಮೊಣಕಾಲಿನ ಗಂಟು ಒತ್ತಿ ನೋಡಿ, ತುಟಿ ಎತ್ತಿ ವಸಡು ನೋಡಿದಳು. ಅಲ್ಲಿ ರಕ್ತ ಒಸರಿತ್ತು. ಗೋಡೆಯ ಬದಿ ಕನಕದುರ್ಗ ಪಂಜರದ ಬಟ್ಟೆ ಹಿಡಿದು ನಿಂತಿದ್ದರು. ಅವರಿಗೆ ಕನ್ನಡ ಅರೆಬರೆಯೂ ತಿಳಿಯದೆಂಬ ಧೈರ್ಯದ ಮೇಲೆ ಹೈಮಾವತಿಬಾಯಿ ಅಡಿಕೆಚೀಲ ಬಿಚ್ಚಿದರು. ಲಕ್ಷ್ಮೀಪ್ರಸನ್ನ ಪಕ್ಕದಲ್ಲೇ ಇದ್ದಳು. ಇದ್ದರೆ ಇರಲಿ, ಕೇಳಲಿ ಎಂದೇ ಬಿಚ್ಚಿದರು.

“ಇದನ್ನ ಪರೀಕ್ಷಾ ಮಾಡ್ರಿ ಡಾಕ್ಟರೇ. ಪಂಜರದ ಕೆಳಗ ಸಿಕ್ಕದ. ಪಾಷಾಣ ಇದು. ನಮ್ಮ ಬೀಗಿತ್ತಿನೇ ಹಾಕ್ಯಾರ.”

ಮೇಧಾ ಒಂದು ಕಾಳನ್ನು ಉಗುರಿನಲ್ಲಿ ಉರುಳಿಸಿದಳು, ಬೆಳಕಿಗೆ ಹಿಡಿದಳು. “ಅಜ್ಜಿ, ಇದು ಸೀಬೆಹಣ್ಣಿನ ಬೀಜ!”

“ಸೀಬಿ ಅಂದ್ರ... ಪ್ಯಾರಲ ಹಣ್ಣೇನು?”

“ಹ್ಞೂಂ, ಅದೇ. ವಿಷಾನೂ ಇಲ್ಲ, ಗಿಷಾನೂ ಇಲ್ಲ. ಇದಕ್ಕೆ ಆಗಿರೋದು ಸ್ಕರ್ವಿ. ನಮ್ ಥರಾನೇ ಇದರ ಮೈಗೂ ವಿಟಮಿನ್ ಸಿ ತಾನಾಗೇ ಮಾಡ್ಕೊಳ್ಳೋಕೆ ಬರಲ್ಲ, ದಿನಾ ಊಟದಲ್ಲೇ ಸಿಗ್ಬೇಕು. ಸಿಗ್ದಿದ್ರೆ ಗಂಟು ಊದುತ್ತೆ, ವಸಡು ಒಡೆಯುತ್ತೆ. ಸೊಪ್ಪು ತರಕಾರಿ ಏನೇನು ಕೊಡ್ತಿದೀರಿ?”

ಹರಿಣಿಯೇ ಹೇಳಿದಳು: “ಮುಂಚೆ ಅಜ್ಜಿ ಎಲ್ಲಾ ಕೊಡ್ತಿದ್ರು. ವ್ರತಂ ಮೊದಲಾದ ಮೇಲೆ ಏನೂ ಇಲ್ಲ. ಡಬ್ಬದ್ದು ಮಾತ್ರಮೇ.”

“ಡಬ್ಬ ತೆಗೆದು ತುಂಬಾ ದಿನ ಆದ್ರೆ ಅದರಲ್ಲಿರೋ ವಿಟಮಿನ್ ಹೋಗ್ಬಿಡುತ್ತೆ ಪುಟ್ಟಾ. ಅದನ್ನೇ ನಂಬ್ಕೊಂಡು ಕೂರಬಾರದು,” ಎಂದಳು ಮೇಧಾ. ಆಮೇಲೆ ಕಾಗದದ ಮೇಲಿನ ಬೀಜಗಳನ್ನು ತೋರಿಸಿದಳು. “ಈ ಸೀಬೆ ಕೊಟ್ಟವರು ಯಾರು? ಅವರಿಂದಾನೇ ಇದು ಇಷ್ಟು ದಿನ ತಡ್ಕೊಂಡಿದೆ. ಸೀಬೇಲಿ ನಿಂಬೆಗಿಂತ ಜಾಸ್ತಿ ಇರುತ್ತೆ. ನಿಲ್ಲಿಸಿದ್ದು ಯಾಕೆ?”

ಎಲ್ಲರ ಕಣ್ಣೂ ತಮ್ಮತ್ತ ತಿರುಗಿದ್ದು, ಕಾಗದದ ಮೇಲೆ ಆ ಬೀಜಗಳು ಇದ್ದದ್ದು, ಕನಕದುರ್ಗರಿಗೆ ಅಷ್ಟೇ ಅರ್ಥವಾಯಿತು. ಅವರು ಮುಂದೆ ಬಂದು ಹೈಮಾವತಿಬಾಯಿಯ ಕೈ ಹಿಡಿದುಕೊಂಡರು.

“ತಪ್ಪಾಯಿತು ವದಿನಗಾರೂ, ಕ್ಷಮಿಸಿ,” ಎಂದರು ತೆಲುಗಿನಲ್ಲಿ. “ವ್ರತದ ಮನೆಗೆ ಜಾಮಕಾಯಿ ತಂದದ್ದು ನಾನೇ. ನೀವು ಪಾತ್ರೆ ಮುಟ್ಟಿದರೂ ಸಾಕು, ಆ ಪಂದಿಕೊಕ್ಕು ಕೂಗುತ್ತಿತ್ತು. ಕೇಳಲಾಗಲಿಲ್ಲ. ಒಳಗೆ ತಂದರೆ ನಿಮ್ಮ ಮಡಿ ಕೆಟ್ಟೀತು ಎಂದು ಮೆಟ್ಟಿಲ ಮೇಲೆಯೇ ಹೆಚ್ಚಿಕೊಂಡು, ಸೆರಗಲ್ಲಿ ಮುಚ್ಚಿ ನೇರವಾಗಿ ಬಾಲ್ಕನಿಗೇ ಒಯ್ಯುತ್ತಿದ್ದೆ. ಯಾರಿಗೂ ಹೇಳಲಿಲ್ಲ.”

ಹೈಮಾವತಿಬಾಯಿ ಬೀಗಿತ್ತಿ ಹಿಡಿದ ತಮ್ಮ ಕೈಯನ್ನೇ ನೋಡಿದರು. ವಿಷ ಹಾಕಿದರೆಂದು ತಾವು ದೂರಿದ್ದಾರೆ. ಹಣ್ಣು ತಂದೆನೆಂದು ಅವರು ಕ್ಷಮೆ ಕೇಳುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕುವ ಕಾದ ಕಬ್ಬಿಣ ತಮ್ಮ ಕೈಯಲ್ಲೇ ಇತ್ತು. ಲಕ್ಷ್ಮೀಪ್ರಸನ್ನ ತಾಯಿಗೆ ಒಂದು ಮಾತನ್ನೂ ತೆಲುಗಿಗೆ ತಿರುಗಿಸಿ ಹೇಳಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಆ ನೋಟ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಮೇಧಾ ಔಷಧಿಯ ಹನಿ ಕೊಟ್ಟಳು. ನೀರಿಗೆ ಬೆರೆಸಿದರೆ ಸತ್ವ ಉಳಿಯದು, ನೇರವಾಗಿ ಬಾಯಿಗೇ ಹಾಕಿ ಎಂದಳು. ವಸಡು ನೋಯುವುದರಿಂದ ತಾನಾಗಿ ಕಡಿಯದು, ದೊಣ್ಣಮೆಣಸಿನಕಾಯಿ, ಸೀಬೆ ಎಳೆ ಎಳೆಯಾಗಿ ಹೆಚ್ಚಿ ಕೈಯಲ್ಲೇ ತಿನ್ನಿಸಿ ಎಂದಳು. ಒಣಹುಲ್ಲು ಮಾತ್ರ ಸದಾ ಇರಲಿ, ಇಲ್ಲದಿದ್ದರೆ ಹಲ್ಲು ಬೆಳೆದು ಇನ್ನೊಂದು ಕಾಯಿಲೆ. ಬದುಕುತ್ತದೆಯೇ ಎಂದು ಹರಿಣಿ ಕೇಳಿದ್ದಕ್ಕೆ, “ಇವತ್ತು ತಿಂದ್ರೆ ಬದುಕುತ್ತೆ ಪುಟ್ಟಾ, ತಿನ್ನಿಸ್ಬೇಕು,” ಎಂದಳು.

ಮನೆಗೆ ಬಂದದ್ದೇ ಹೈಮಾವತಿಬಾಯಿ ಕೈಕಾಲು ತೊಳೆದು ಬೀಗಿತ್ತಿಯ ಅಡುಗೆಮನೆ ಹೊಕ್ಕರು. ಈಳಿಗೆ ಎಳೆದುಕೊಂಡು ಕೂತು, ಬುಟ್ಟಿಯಿಂದ ದೊಣ್ಣಮೆಣಸಿನಕಾಯಿ, ಪ್ಯಾರಲ ಹಣ್ಣು ಎತ್ತಿದರು. ಶಾಕವ್ರತ ಮುಗಿಯಲು ಇನ್ನೂ ದಿನಗಳಿದ್ದವು. ಬಾಗಿಲಲ್ಲಿ ಲಕ್ಷ್ಮೀಪ್ರಸನ್ನ ನಿಂತಿದ್ದಳು.

“ಅತ್ತಯ್ಯಾ, ನಿಮ್ಮ ವ್ರತ...” ಎಂದಳು. ಎಷ್ಟೋ ದಿನದ ಮೇಲೆ ಅವಳಾಗಿ ಆಡಿದ ಮಾತು.

“ವ್ರತ ಹಿಡದಾಕಿ ನಾನು. ಅದೇನು ಹಿಡದಿತ್ತಾ?” ಎಂದರು ಹೈಮಾವತಿಬಾಯಿ. “ಉಪವಾಸ ಕೆಡವಿದಾಕಿ ನಾನು, ದೂರು ಹೊರಿಸಿದ್ದು ನಿಮ್ಮ ಅವ್ವನ ಮ್ಯಾಲ. ದೇವರು ನನ್ನ ಮೆಣಸಿನ ಸಾರು ನೋಡ್ಯಾನೋ, ಇದರ ಕಾಲು ನೋಡ್ಯಾನೋ.”

ಹೆಚ್ಚಿದ ಎಳೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಜಗುಲಿಗೆ ಬಂದು ಹುಣಸಿಯ ಮೂತಿಗೆ ಹಿಡಿದರು. ಅದು ಮೂಸಿ ಮುಖ ತಿರುಗಿಸಿತು. ಇನ್ನೊಂದು ಎಳೆ ಹಿಡಿದರು, ಅದಕ್ಕೂ ಬಾಯಿ ತೆರೆಯಲಿಲ್ಲ. ಹರಿಣಿ ಅಳುವುದಕ್ಕೆ ಶುರುಮಾಡಿದಳು. ಆಗ ಹೈಮಾವತಿಬಾಯಿ ತಟ್ಟೆಯನ್ನು ಕನಕದುರ್ಗರತ್ತ ಸರಿಸಿದರು. ರಾಯಚೂರಿನ ತೆಲುಗು ಅವರಿಗೆ ಬಾರದೇ ಇರಲಿಲ್ಲ, ಅದರಲ್ಲೇ ಹೇಳಿದರು:

“ವದಿನಗಾರೂ, ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಜಾಮಕಾಯಿಯ ಮಾತಲ್ಲ. ನೀವು ಇದಕ್ಕೆ ಇಲಿಮದ್ದು ಹಾಕಿದ್ದೀರಿ ಎಂದೆ.”

ಕನಕದುರ್ಗ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕಣ್ಣೊರೆಸಿಕೊಂಡರು.

“ಇಲಿಮದ್ದು ಎಂದು ಗೊತ್ತಿರಲಿಲ್ಲ,” ಎಂದರು. “ಏನೋ ಅನುಮಾನ ಇದೆ ಎಂದು ಗೊತ್ತಿತ್ತು. ನನ್ನ ಸಾರನ್ನು ನೀವು ಮೂಸಿ ನೋಡಿದ್ದು ಕಂಡೆ.”

ಕನಕದುರ್ಗ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತರು. ತಟ್ಟೆಯಿಂದ ಪ್ಯಾರಲದ ಒಂದು ತುಣುಕು ತೆಗೆದುಕೊಂಡು, ರೂಢಿಯಂತೆ ಆ ಕೈಯನ್ನು ಸೆರಗಿನೊಳಗೆ ಸೇರಿಸಿ, ಆಮೇಲೆ ಮುಂದಕ್ಕೆ ಚಾಚಿದರು. ತಮ್ಮ ಮನೆಯಲ್ಲೇ ಮುಚ್ಚಿಕೊಳ್ಳುತ್ತಿದ್ದೇನೆಂಬುದು ಅವರ ಲಕ್ಷ್ಯಕ್ಕೇ ಬಂದಂತಿರಲಿಲ್ಲ. ಹೈಮಾವತಿಬಾಯಿ ಬಗ್ಗಿ, ಬೀಗಿತ್ತಿಯ ಕೈಮೇಲಿನ ಸೆರಗನ್ನು ಮೆಲ್ಲಗೆ ಸರಿಸಿ ಭುಜಕ್ಕೆ ಹಾಕಿದರು.

ಹುಣಸಿ ಮೂಗು ಅಲ್ಲಾಡಿಸಿತು. ಸಣ್ಣಗೆ, ಇತ್ತೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ಕುಯ್ಯ್ ಎಂದು ಬಾಯಿ ತೆರೆಯಿತು.